ಕಪಾಟಿನ ಹೊರಗಿನ ಕಾವ್ಯ

ಗ್ರಂಥಾಲಯದ ಯೋಗ್ಯತೆಯನ್ನು ಪುಸ್ತಕಗಳ ಎಣಿಕೆಯಿಂದ ಅಳೆಯುವುದು ನಮ್ಮಲ್ಲಿ ರೂಢಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಸೀಮೆಗೆ ಆ ಅಳತೆ ಸಾಲದೆಂದು ನನ್ನ ಅಭಿಪ್ರಾಯ. ಇಲ್ಲಿಯ ಸಾಹಿತ್ಯದ ಬಹುಪಾಲು ಬಾಯಲ್ಲಿದೆಯೇ ಹೊರತು ಹಾಳೆಯ ಮೇಲಿಲ್ಲ. ಮ್ಯಾಸಬೇಡರು ಗಾದ್ರಿಪಾಲನಾಯಕನ ಕಥೆಯನ್ನು ಹಾಡಿಕೊಂಡು ಬಂದವರು. ತಾಂಡಾಗಳಲ್ಲಿ ಲಂಬಾಣಿಯೇ ಮನೆಮಾತು. ಅದಕ್ಕೆ ಸ್ವಂತ ಲಿಪಿಯಿಲ್ಲ.

ಈ ಜನಕ್ಕೆ ಅಕ್ಷರ ಬಾರದಿರಬಹುದು, ಅರ್ಥ ಬಾರದೆಂದು ಯಾರೂ ಹೇಳಲಾರರು. ಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಾದಾಗ, ಡೆಂಕನಮರಡಿಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ಒಂದೇ ಮಾತಿನ ಕಾರ್ಣಿಕ ನುಡಿಯುತ್ತಾನೆ. ಬಂಡಿ ಕಟ್ಟಿ ಊರಿಗೆ ಮರಳಿದವರು ಕಟ್ಟೆಯ ಮೇಲೆ ಕುಳಿತು ಅದನ್ನು ಬಿಡಿಸುತ್ತಾರೆ. ಒಬ್ಬನಿಗೆ ಅದು ಮಳೆಬೆಳೆಯ ಮಾತು, ಇನ್ನೊಬ್ಬನಿಗೆ ರಾಜಕಾರಣದ್ದು. ನಾವು ತರಗತಿಯಲ್ಲಿ ಧ್ವನಿಯೆಂದು ಬೋಧಿಸುವುದನ್ನು ಇವರು ದಿನದ ಬಳಕೆಯಲ್ಲಿಟ್ಟುಕೊಂಡಿದ್ದಾರೆ.

ಸರ್ಕಾರವು ಕೈಕಟ್ಟಿ ಕುಳಿತಿದೆಯೆಂದಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮವು ಗ್ರಂಥಾಲಯಗಳಿಗೆಂದೇ ಕರವನ್ನು ವಿಧಿಸಿತು. 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು. 2020ರ 'ಓದುವ ಬೆಳಕು' ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಇಂದು ಅವಕ್ಕೆ ಅರಿವು ಕೇಂದ್ರಗಳೆಂದು ಹೆಸರು. ಹೆಸರು ಸೊಗಸಾಗಿದೆ. ಆದರೆ ಅರಿವು ಹೊರಗಿನಿಂದ ಊರಿಗೆ ಬರತಕ್ಕದ್ದೆಂಬ ಎಣಿಕೆ ಇಲ್ಲಿ ಉಳಿದೇ ಇದೆ. ಊರಿನಿಂದ ಕಪಾಟಿಗೆ ಹೋಗತಕ್ಕದ್ದೂ ಇದೆಯಲ್ಲವೆ?

ವಸ್ತುಸಂಗ್ರಹಾಲಯಗಳ ಮಾತೂ ಇಷ್ಟೇ. ಕಮಲಾಪುರದಲ್ಲಿ ಹಂಪಿಯ ಶಿಲ್ಪಗಳನ್ನು ಕಾಪಾಡಿದ್ದಾರೆ. ಕಲ್ಲಿಗೆ ದೊರೆತ ಆಸರೆ ಕೊರಳಿಗೆ ದೊರೆತಿಲ್ಲ. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಮೌಖಿಕ ಕಾವ್ಯಗಳನ್ನು ಸಂಪಾದಿಸಿ ಅಚ್ಚು ಹಾಕಿಸಿದ್ದು ದೊಡ್ಡ ಕೆಲಸವೇ. ಹಾಡಿದವನ ಮೊಮ್ಮಗನು ತನ್ನೂರಿನ ಕಪಾಟಿನಲ್ಲಿ ಅಜ್ಜನ ಹೆಸರನ್ನು ಓದಿದಾಗ ಆ ಕೆಲಸ ಪೂರ್ತಿಯಾಗುತ್ತದೆ.

ಹಾಡು ಅಚ್ಚಾದರೆ ಸಾಯುತ್ತದೆಂದು ಆಕ್ಷೇಪಿಸುವವರುಂಟು. ಹಾಡುಗಾರ್ತಿಯೊಡನೆ ಹಾಡೂ ಮಣ್ಣಾಗುವುದನ್ನು ತಡೆಯುವ ಬೇರೆ ದಾರಿಯನ್ನು ಅವರು ತೋರಿಸಲಿ. ಧ್ವನಿಮುದ್ರಣ ಈಗ ಅಂಗೈಯಲ್ಲೇ ಇದೆ. ತಾಂಡಾದ ವಿದ್ಯಾರ್ಥಿನಿಯೊಬ್ಬಳು ಅಜ್ಜಿಯ ಹಾಡನ್ನು ಕನ್ನಡ ಲಿಪಿಯಲ್ಲಿ ಬರೆದು ಅರ್ಥ ಕೊಡಬಲ್ಲಳು. ಯಾವುದನ್ನು ಕೊಡಬೇಕು, ಯಾವುದು ದೇವರ ಮುಂದೆ ಮಾತ್ರ ಹಾಡತಕ್ಕದ್ದು ಎಂಬ ತೀರ್ಮಾನ ಹಾಡುವವರದೇ ಆಗಿರಬೇಕು.

ಗ್ರಂಥಾಲಯಕ್ಕೆ ಜನ ಬರುವುದಿಲ್ಲವೆಂದು ದೂರುವ ಮೊದಲು, ಅಲ್ಲಿ ಅವರದೆನ್ನುವುದು ಏನಿದೆಯೆಂದು ಕೇಳಿಕೊಳ್ಳುವುದು ಒಳ್ಳೆಯದು. ಓದುಗರು ತಮ್ಮ ತಮ್ಮ ಊರಿನ ಕಪಾಟನ್ನು ಒಮ್ಮೆ ನೋಡಿ ಬರಲಿ.