ಆರೋಹಣದ ದರ್ಶನ, ಮಲಪ್ರಭೆಯ ಕಲ್ಲುಗಳು

ಹುನಗುಂದದ ಸೀಮೆಯಲ್ಲಿ ಭೂಮಿಯ ಪ್ರಾಚೀನತೆಯನ್ನು ಗ್ರಂಥಮುಖದಿಂದ ಅರಿಯಬೇಕಾಗಿಲ್ಲ. ರಾಮಥಾಳದ ಬಳಿ, ಓರೆಯಾಗಿ ಮೇಲೆದ್ದು ಸವೆದ ಪುರಾತನ ಶಿಲಾಸ್ತರಗಳ ಮೇಲೆ ಕಲಾದಗಿ ಸಮೂಹದ ಗಟ್ಟಿ ಮರಳುಗಲ್ಲು ಅಡ್ಡಲಾಗಿ ಮಲಗಿದೆ; ಆ ಎರಡರ ಸಂಧಿಯ ಮೇಲೆ ಅಂಗೈಯನ್ನಿಟ್ಟರೆ, ಬೆರಳಿಗೆ ಸಿಕ್ಕುವ ಒಂದೇ ಗೆರೆಯಲ್ಲಿ ಕೋಟ್ಯಂತರ ವರ್ಷಗಳು ಅಡಗಿವೆ. ಇದೇ ಸಮೂಹದ ಸುಣ್ಣಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ರಚನೆಗಳುಂಟು. ಅವು ರೂಪುಗೊಂಡಂದು ಕಣ್ಣುಳ್ಳ ಪ್ರಾಣಿಯೊಂದೂ ಲೋಕದಲ್ಲಿರಲಿಲ್ಲ.

ಈ ಶಿಲೆಗಳನ್ನು ವರ್ಣಿಸಿ 1876ರಲ್ಲಿ ವರದಿಯನ್ನಿತ್ತ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟರು, ಪೀಟರ್ ಪರ್ಸಿವಲ್ ಎಂಬ ಮಿಶನರಿಯ ಅಳಿಯಂದಿರು. ಅದಕ್ಕೆ ಕಾಲು ಶತಮಾನ ಮೊದಲೇ, 1851ರಲ್ಲಿ, ಬಾಸೆಲ್ ಮಿಶನ್ನಿನವರು ಗುಳೇದಗುಡ್ಡದಲ್ಲಿ ನೆಲೆಯೂರಿದ್ದರು. ಹೀಗೆ ಸುವಾರ್ತೆಯೂ ಸುತ್ತಿಗೆಯೂ ಒಂದೇ ಶತಮಾನದಲ್ಲಿ ಒಂದೇ ನೆಲಕ್ಕೆ ಬಂದವು. ಆರು ದಿನಗಳ ಸೃಷ್ಟಿಯೇ ಇವೆರಡರ ನಡುವಣ ಮುಖ್ಯ ಕಲಹವೆಂದು ಭಾವಿಸುವವರುಂಟು; ನನಗೆ ಹಾಗೆನಿಸುವುದಿಲ್ಲ. ಆ ದಿನಗಳು ನಮ್ಮ ಸೂರ್ಯೋದಯಾಸ್ತಗಳ ದಿನಗಳಲ್ಲವೆಂದು ಸಂತ ಅಗಸ್ಟೀನನು ಐದನೆಯ ಶತಮಾನದಲ್ಲಿಯೇ ಹೇಳಿದ್ದನು. ಕಾಲದ ಲೆಕ್ಕವನ್ನು ತಿದ್ದಿಕೊಳ್ಳಬಹುದು. ವಿಕಾಸದ ಹಾದಿಯಲ್ಲಿ ಜೀವಿಗಳು ಉಂಡ ನೋವಿನ ಲೆಕ್ಕವೇ ಕಠಿನ.

ಈ ನೋವಿನ ಮಾನದಂಡದಿಂದಲೇ ಪಿಯೆರ್ ತೆಯ್ಯಾರ್ ದ ಶಾರ್ದನರ 'ಮಾನವ ವಿದ್ಯಮಾನ'ವೆಂಬ ಫ್ರೆಂಚ್ ಗ್ರಂಥವನ್ನು ಅಳೆಯಬೇಕಾಗಿದೆ. ಜೆಸ್ವಿಟ್ ಸಂನ್ಯಾಸಿಯಾಗಿದ್ದೂ ಚೀನಾದಲ್ಲಿ ಪೀಕಿಂಗ್ ಮಾನವನ ಅವಶೇಷಗಳ ಅಧ್ಯಯನದಲ್ಲಿ ಪಾಲುಗೊಂಡವರು ಅವರು. 1935ರಲ್ಲಿ ನಮ್ಮ ನರ್ಮದೆಯ ಕಣಿವೆಯನ್ನೂ ನೋಡಿಹೋಗಿದ್ದರು. ಮೇಲಧಿಕಾರಿಗಳ ಅನುಮತಿ ದೊರೆಯದೆ, ಗ್ರಂಥವು ಬೆಳಕು ಕಂಡದ್ದು ಅವರು ತೀರಿಕೊಂಡ 1955ರಲ್ಲಿ. (ಮಲಪ್ರಭೆಯ ದಂಡೆಯ ಗರಸಿನಲ್ಲಿ ಹುದುಗಿದ ಕೈಗೊಡಲಿಗಳನ್ನು ಕುರಿತ ಆರ್. ವಿ. ಜೋಶಿಯವರ ಅಧ್ಯಯನವೂ ಅದೇ ವರ್ಷ ಅಚ್ಚಾಯಿತು; ಎರಡನ್ನೂ ಒಟ್ಟಿಗೆ ಓದುವವನಿಗೆ ಒಂದರ ಮಿತವಾಕ್ಕು ಇನ್ನೊಂದರ ವಾಗ್ವೈಭವಕ್ಕೆ ಒಳ್ಳೆಯ ಪಥ್ಯ.)

ತೆಯ್ಯಾರರ ಸಿದ್ಧಾಂತವಿಷ್ಟು: ಜಡದಿಂದ ಜೀವ, ಜೀವದಿಂದ ಚಿತ್ತ, ಚಿತ್ತಗಳ ಸಂಗಮದಿಂದ ಒಮೆಗವೆಂಬ ಪರಮಬಿಂದು, ಆ ಬಿಂದುವೇ ಕ್ರಿಸ್ತ. ವಿಕಾಸವನ್ನು ಧರ್ಮದ ಶತ್ರುವೆಂದು ಹೆದರದೆ, ಅದನ್ನೇ ಆರಾಧನೆಯ ಸೋಪಾನವನ್ನಾಗಿಸಿದ ಧೈರ್ಯವು ಪ್ರಶಂಸನೀಯ. ನಾಸ್ತಿಕನಾದ ಜೀವವಿಜ್ಞಾನಿ ಜೂಲಿಯನ್ ಹಕ್ಸ್‌ಲಿಯೇ ಇಂಗ್ಲಿಷ್ ಅನುವಾದಕ್ಕೆ ಮುನ್ನುಡಿ ಬರೆದನು. ಆದರೆ 1961ರಲ್ಲಿ ಇನ್ನೊಬ್ಬ ಜೀವವಿಜ್ಞಾನಿ ಪೀಟರ್ ಮೆಡಾವರನು ಆ ಗ್ರಂಥವನ್ನು ವಿಜ್ಞಾನದ ವೇಷ ತೊಟ್ಟ ಶಬ್ದಾಡಂಬರವೆಂಬಂತೆ ಖಂಡಿಸಿದನು. ಮರುವರ್ಷ ರೋಮಿನ ಧರ್ಮಪೀಠವೂ ಎಚ್ಚರಿಕೆಯನ್ನು ಹೊರಡಿಸಿತು. ಮೆಡಾವರನ ನುಡಿ ಕಟುವಾದರೂ ಅರ್ಧಕ್ಕಿಂತ ಹೆಚ್ಚು ನ್ಯಾಯವಾದುದೆ. ನೈಸರ್ಗಿಕ ಆಯ್ಕೆಗೆ ಗಮ್ಯವಿಲ್ಲ. ಅಂದಂದಿನ ಪರಿಸರದಲ್ಲಿ ಹೆಚ್ಚು ಸಂತಾನವನ್ನು ಉಳಿಸಿದುದು ಉಳಿಯುತ್ತದೆ, ಅಷ್ಟೆ. ಕಣ್ಣಿದ್ದ ಮೀನು ಕತ್ತಲೆಯ ಗುಹೆಯನ್ನು ಹೊಕ್ಕು ತಲೆಮಾರುಗಳ ಮೇಲೆ ಕುರುಡಾಗುವುದೂ ವಿಕಾಸವೇ. ಆ ಮೀನಿಗೆ ತೆಯ್ಯಾರರ ಸೋಪಾನದಲ್ಲಿ ಯಾವ ಮೆಟ್ಟಿಲು?

ಡಾರ್ವಿನನು 1860ರ ಮೇ ತಿಂಗಳಲ್ಲಿ, ದೃಢವಿಶ್ವಾಸಿಯಾದ ಸಸ್ಯಶಾಸ್ತ್ರಜ್ಞ ಏಸಾ ಗ್ರೇಗೆ ಬರೆದ ಪತ್ರದಲ್ಲಿ, ಕಂಬಳಿಹುಳುವಿನ ಜೀವಂತ ದೇಹದೊಳಗೆ ಮರಿಗಳನ್ನು ಮೇಯಿಸುವ ಕಣಜವನ್ನು ಕರುಣಾಮಯನಾದ ದೇವನು ಉದ್ದೇಶಪೂರ್ವಕವಾಗಿ ಸೃಷ್ಟಿಸಿದನೆಂದು ತಾನು ನಂಬಲಾರೆನೆಂದನು. ನಿಜವಾದ ಪ್ರಶ್ನೆ ಇದು. ಇದಕ್ಕೆ ತೆಯ್ಯಾರರು ಕೊಟ್ಟ ಸ್ಥಳವೆಲ್ಲಿ? ಗ್ರಂಥವೆಲ್ಲ ಮುಗಿದ ಬಳಿಕ, 1948ರಲ್ಲಿ ಸೇರಿಸಿದ ಕೆಲವೇ ಪುಟಗಳ ಅನುಬಂಧದಲ್ಲಿ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಗಾಯಾಳುಗಳನ್ನು ಹೊತ್ತ ಮನುಷ್ಯನಿಗೆ ನೋವು ತಿಳಿಯದುದಲ್ಲ. ತಿಳಿದೂ ಅದನ್ನು ಆರೋಹಣದ ವೆಚ್ಚವೆಂದು ಬರೆದುಬಿಟ್ಟರೆಂಬುದೇ ನನ್ನ ಆಕ್ಷೇಪ. ಕ್ರೈಸ್ತಧರ್ಮದ ನಡುವೆ ನಿಂತಿರುವುದು ಶಿಖರವಲ್ಲ, ಶಿಲುಬೆ. ಲಯವಾಗಿ ಹೋದ ಜೀವಜಾತಿಗಳ ಎದುರಿನಲ್ಲಿ ವಿಶ್ವಾಸಿಯೊಬ್ಬನು ಆಡಬಹುದಾದ ಮಾತು, ದೊರೆತರೆ, ಅಲ್ಲಿಯೇ ದೊರೆಯಬೇಕು. ಆ ಅನುಬಂಧವನ್ನು ಗ್ರಂಥದ ಮೊದಲಿಗೆ ತಂದು, ಮಿಕ್ಕ ಅಧ್ಯಾಯಗಳನ್ನು ಅದಕ್ಕೆ ಉತ್ತರವಾಗಿ ಬರೆದಿದ್ದರೆ ಒಮೆಗದ ಪುಟಗಳು ಬಹಳ ಕಡಿಮೆಯಾಗುತ್ತಿದ್ದವು, ಗ್ರಂಥ ಹೆಚ್ಚು ಕ್ರೈಸ್ತವಾಗುತ್ತಿತ್ತು, ಮೆಡಾವರನಿಗೆ ಖಂಡಿಸಲು ಅಷ್ಟು ಸುಲಭವಾಗಿ ಸಿಕ್ಕುತ್ತಲೂ ಇರಲಿಲ್ಲ.