ಮೂಲಮುದ್ರಣದ ಸಾಕ್ಷ್ಯ: ಆರಂಭಕಾಲದ ಬಾಹ್ಯಾಕಾಶ ಛಾಯಾಚಿತ್ರಗಳ ಸಂಗ್ರಹ

ಮಾನವನ ಬಾಹ್ಯಾಕಾಶ ಯಾನದ ಮೊದಲ ದಶಕವು ಉಳಿಸಿಹೋದ ದಾಖಲೆಗಳಲ್ಲಿ ಛಾಯಾಚಿತ್ರಗಳಿಗೆ ವಿಶಿಷ್ಟ ಸ್ಥಾನವಿದೆ. ಯಾನ ನಡೆದ ಕಾಲದಲ್ಲಿಯೇ ಅಥವಾ ಅದಕ್ಕೆ ತೀರ ಸಮೀಪದಲ್ಲಿ ಕಾಗದದ ಮೇಲೆ ಮುದ್ರಿತವಾದ ಪ್ರತಿಗಳನ್ನು ಸಂಗ್ರಾಹಕರು ‘ವಿಂಟೇಜ್’ ಪ್ರತಿಗಳೆಂದು ಕರೆಯುತ್ತಾರೆ. ಇವುಗಳಿಗೆಂದೇ ಲಂಡನ್ನಿನ ಬ್ಲೂಮ್ಸ್‌ಬರಿ ಸಂಸ್ಥೆ 2015ರಲ್ಲಿ, ಕ್ರಿಸ್ಟೀಸ್ ಸಂಸ್ಥೆ 2020ರಲ್ಲಿ ಪ್ರತ್ಯೇಕ ಹರಾಜುಗಳನ್ನು ನಡೆಸಿದವು. ಆದರೆ ನಾಸಾ ಸಂಸ್ಥೆಯ ಚಿತ್ರಗಳಿಗೆ ಸಾಮಾನ್ಯವಾಗಿ ಕೃತಿಸ್ವಾಮ್ಯದ ಕಟ್ಟುಪಾಡಿಲ್ಲ. ಅಪೊಲೊ ಯಾನಗಳ 8,400ಕ್ಕೂ ಹೆಚ್ಚು ಚಿತ್ರಗಳು 2015ರಲ್ಲಿ ಅಂತರಜಾಲದಲ್ಲಿ ಉಚಿತವಾಗಿ ದೊರೆತವು. ಚಿತ್ರವು ಎಲ್ಲರ ಸೊತ್ತಾಗಿರುವಾಗ ಹಳೆಯ ಕಾಗದಕ್ಕೆ ಬೆಲೆ ಏಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಇವು ಕಲಾಕೃತಿಗಳು, ಇವನ್ನು ತೆಗೆದವರು ಕಲಾವಿದರು ಎಂಬುದು ಮಾರುಕಟ್ಟೆಯ ಉತ್ತರ. ಇದರಲ್ಲಿ ಸತ್ಯಾಂಶ ಇಲ್ಲದಿಲ್ಲ. 1961ರ ಆಗಸ್ಟ್‌ನಲ್ಲಿ ವೊಸ್ತೋಕ್-2ರಲ್ಲಿ ಹಾರಿದ ಗೆರ್ಮಾನ್ ತಿತೋವ್ ಕಕ್ಷೆಯಿಂದ ಸ್ವಹಸ್ತದಲ್ಲಿ ಭೂಮಿಯನ್ನು ಚಿತ್ರಿಸಿದ ಮೊದಲಿಗರು. 1962ರ ಫೆಬ್ರವರಿಯಲ್ಲಿ ಜಾನ್ ಗ್ಲೆನ್ ಕೊಂಡೊಯ್ದದ್ದು ಫ್ಲಾರಿಡಾದ ಕೊಕೊ ಬೀಚ್‌ನ ಅಂಗಡಿಯೊಂದರಲ್ಲಿ ಕೊಂಡ ಸಾಧಾರಣ ಕ್ಯಾಮೆರಾವನ್ನು. ಅದೇ ವರ್ಷದ ಅಕ್ಟೋಬರ್‌ನಲ್ಲಿ ವಾಲ್ಟರ್ ಷಿರ್ರಾ ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾವನ್ನು ಬಳಸಿದರು. ಆರಂಭದಲ್ಲಿ ಯೋಜನೆಯ ಅಂಚಿನಲ್ಲಿದ್ದ ಛಾಯಾಗ್ರಹಣಕ್ಕೆ ಮನ್ನಣೆ ದೊರೆತುದರಲ್ಲಿ ಯಾತ್ರಿಗಳ ಸ್ವಂತ ಆಸಕ್ತಿಯ ಪಾಲಿದೆ ಎಂಬುದು ನಿಸ್ಸಂದೇಹ. ಆದರೆ ಕಲಾಕೃತಿ ಎಂಬ ದೃಷ್ಟಿಯೊಂದರಿಂದಲೇ ನೋಡಿದಾಗ ಪ್ರತಿಯ ಮುಖ ಮಾತ್ರ ಕಾಣುತ್ತದೆ; ಅಂಚು, ಬೆನ್ನುಗಳು ಚೌಕಟ್ಟಿನೊಳಗೆ ಮರೆಯಾಗುತ್ತವೆ. ಸಂಶೋಧಕನಿಗೆ ಮುಖ್ಯವಾದ ಸಾಕ್ಷ್ಯವಿರುವುದು ಅಲ್ಲಿಯೇ.

ಕಾಲದ ವರ್ಣಪ್ರತಿಗಳ ಬಿಳಿಯ ಅಂಚಿನಲ್ಲಿ ಕೆಂಪು ಅಕ್ಷರಗಳ ನಾಸಾ ಸಂಖ್ಯೆ, ಬೆನ್ನಿನಲ್ಲಿ ಕೊಡಕ್ ಕಾಗದದ ಗುರುತು, ಕೆಲವೊಮ್ಮೆ ದಿನಾಂಕ ಸಹಿತವಾದ ವಿವರಣೆ ಇರುತ್ತವೆ. ಓಲೆಗರಿಯ ಕೊನೆಯಲ್ಲಿ ಲಿಪಿಕಾರನು ಬರೆದಿಟ್ಟ ಕಾಲ, ಸ್ಥಳ, ಹೆಸರುಗಳು ಗ್ರಂಥಸಂಪಾದಕನಿಗೆ ಎಷ್ಟು ಅಮೂಲ್ಯವೋ ಇವೂ ಅಷ್ಟೇ ಅಮೂಲ್ಯ. ಚಿತ್ರಕ್ಕೂ ಪಾಠಾಂತರಗಳುಂಟು ಎಂಬುದನ್ನು ಒಪ್ಪಿಕೊಂಡರೆ ಈ ಹೋಲಿಕೆಯ ಔಚಿತ್ಯ ಸ್ಪಷ್ಟವಾಗುತ್ತದೆ.

1969ರ ಜುಲೈನಲ್ಲಿ ಚಂದ್ರನ ಮೇಲೆ ನೀಲ್ ಆರ್ಮ್‌ಸ್ಟ್ರಾಂಗ್ ತೆಗೆದ ಬಝ್ ಆಲ್ಡ್ರಿನ್ ಅವರ ಪ್ರಸಿದ್ಧ ಚಿತ್ರವನ್ನೇ ಪರಿಶೀಲಿಸಬಹುದು. ಮೂಲ ಫಿಲ್ಮಿನಲ್ಲಿ ಚಿತ್ರ ಓರೆಯಾಗಿದೆ. ಆಲ್ಡ್ರಿನ್ನರ ತಲೆಯ ಮೇಲೆ ಆಕಾಶವೇ ಇಲ್ಲವೆನ್ನುವಷ್ಟು ಕಡಿಮೆಯಿದ್ದು, ಬೆನ್ನಚೀಲದ ಆಂಟೆನಾದ ತುದಿ ಕತ್ತರಿಸಿಹೋಗಿದೆ. ಜಗತ್ತು ಕಂಡ ಪ್ರತಿಯಲ್ಲಾದರೋ ಓರೆಯನ್ನು ತಿದ್ದಿ, ಮೇಲ್ಭಾಗದಲ್ಲಿ ಕಪ್ಪು ಆಕಾಶವನ್ನು ಸೇರಿಸಲಾಗಿತ್ತು. 1968ರ ಡಿಸೆಂಬರ್ 24ರಂದು ವಿಲಿಯಂ ಆಂಡರ್ಸ್ ತೆಗೆದ ‘ಭೂಮ್ಯುದಯ’ದ ಚಿತ್ರದಲ್ಲಿ ಚಂದ್ರನ ಅಂಚು ಲಂಬವಾಗಿತ್ತು, ಪ್ರಕಟಣೆಯಲ್ಲಿ ಅದನ್ನು ತಿರುಗಿಸಿ ದಿಗಂತವಾಗಿಸಿದ್ದರಿಂದಲೇ ಭೂಮಿ ಉದಯಿಸುವಂತೆ ತೋರಿತು. ಭೂಮಿಯ ಮೇಲಿನ ನೋಟದ ರೂಢಿಗೆ ಬಾಹ್ಯಾಕಾಶವನ್ನು ಒಗ್ಗಿಸಿದ ಸಂಪಾದನೆ ಇದು.

ಎಲ್ಲ ಪಾಠಾಂತರಗಳೂ ಇಷ್ಟು ನಿರಪಾಯಕಾರಿಯಲ್ಲ. 1961ರ ಮೇ ತಿಂಗಳಲ್ಲಿ ಸೋಚಿಯಲ್ಲಿ ತೆಗೆದ ಸೋವಿಯತ್ ಗಗನಯಾತ್ರಿಗಳ ಸಮೂಹಚಿತ್ರದಲ್ಲಿ ಗ್ರಿಗೋರಿ ನೆಲ್ಯುಬೋವ್ ಇದ್ದರು. 1963ರಲ್ಲಿ ಅವರನ್ನು ತಂಡದಿಂದ ಹೊರಹಾಕಲಾಯಿತು. 1966ರಲ್ಲಿ ಅವರು ತೀರಿಕೊಂಡರು. ಅಧಿಕೃತವಾಗಿ ಪ್ರಕಟವಾದ ಚಿತ್ರದಲ್ಲಿ ಅವರ ಆಕೃತಿಯನ್ನು ಅಳಿಸಲಾಗಿತ್ತು. ತಿದ್ದದ ಪ್ರತಿಯೊಂದಿಗೆ ಇದನ್ನು ಹೋಲಿಸಿ ನೋಡಿದಾಗಲೇ ಆ ಅಳಿಸುವಿಕೆ ಬಯಲಾದದ್ದು. ಇಲ್ಲಿ ಹಳೆಯ ಪ್ರತಿಯ ಉಳಿವು ಒಬ್ಬ ಮನುಷ್ಯನು ಇದ್ದನೆಂಬುದಕ್ಕೇ ಆಧಾರವಾಗುತ್ತದೆ.

ತಿದ್ದುಪಡಿಯಂತೆಯೇ ಆಯ್ಕೆಯೂ ಇತಿಹಾಸವನ್ನು ರೂಪಿಸುತ್ತದೆ. ನಾಸಾ ಅಂದು ಪತ್ರಿಕೆಗಳಿಗೆ ಬಿಡುಗಡೆ ಮಾಡಿದ್ದು ತನ್ನಲ್ಲಿದ್ದ ಚಿತ್ರಗಳ ಸಣ್ಣ ಭಾಗವನ್ನು ಮಾತ್ರ. ಅಪೊಲೊ-11ರ ಕ್ಯಾಮೆರಾ ಬಹುಪಾಲು ಆರ್ಮ್‌ಸ್ಟ್ರಾಂಗ್‌ರ ಬಳಿಯೇ ಇದ್ದುದರಿಂದ, ಚಂದ್ರನ ನೆಲದಲ್ಲಿ ನಿಂತ ಅವರ ಒಳ್ಳೆಯ ಸ್ಥಿರಚಿತ್ರವೇ ಇಲ್ಲವೆಂಬ ನಂಬಿಕೆ ಬಹುಕಾಲ ಉಳಿಯಿತು. ಆಲ್ಡ್ರಿನ್ ಸುತ್ತಲಿನ ನೋಟವನ್ನು ಸರಣಿಯಾಗಿ ತೆಗೆದಾಗ, ನೌಕೆಯ ಬಳಿ ಬೆನ್ನು ತಿರುಗಿಸಿ ನಿಂತಿದ್ದ ಆರ್ಮ್‌ಸ್ಟ್ರಾಂಗ್ ಒಂದು ಚೌಕಟ್ಟಿನಲ್ಲಿ ದಾಖಲಾಗಿದ್ದರು. ಆ ಚಿತ್ರದ ಮಹತ್ವ ಗುರುತಿಸಲ್ಪಟ್ಟದ್ದು 1980ರ ದಶಕದಲ್ಲಿ. ಸಂಖ್ಯೆಯ ಕ್ರಮದಲ್ಲಿ ಇಡೀ ಸರಣಿಯನ್ನು ನೋಡುವವನಿಗೆ ಮಾತ್ರ ಇಂಥ ಶೋಧ ಸಾಧ್ಯ.

ಆದರೂ ಹಳೆಯ ಪ್ರತಿಯನ್ನು ಪ್ರಶ್ನಾತೀತ ಪ್ರಮಾಣವೆಂದು ಭಾವಿಸುವುದು ತಪ್ಪಾಗುತ್ತದೆ. ಅಂದಿನ ವರ್ಣಪ್ರತಿಗಳ ಬಣ್ಣ ಕಾಲಕ್ರಮದಲ್ಲಿ ಮಾಸುತ್ತದೆ. ಚಂದ್ರನೆಲದ ವರ್ಣದ ಬಗೆಗೆ ಅವುಗಳಿಂದ ತೀರ್ಮಾನಕ್ಕೆ ಬರಲಾಗದು. ಅದಕ್ಕೆ ಹ್ಯೂಸ್ಟನ್ನಿನ ಶೀತಲ ಕೋಠಿಯಲ್ಲಿ ರಕ್ಷಿತವಾಗಿರುವ ಮೂಲ ಫಿಲ್ಮೇ ಆಧಾರ. ಕ್ಯಾಮೆರಾ ಏನನ್ನು ಕಂಡಿತು ಎಂಬುದಕ್ಕೆ ಫಿಲ್ಮು ಸಾಕ್ಷಿ. ಜನರಿಗೆ ಏನನ್ನು ತೋರಿಸಲಾಯಿತು ಎಂಬುದಕ್ಕೆ ಕಾಗದದ ಪ್ರತಿ ಸಾಕ್ಷಿ. ಇವುಗಳ ನಡುವಣ ಅಂತರವೇ ಅಧ್ಯಯನದ ವಸ್ತು.

ಈ ದೃಷ್ಟಿಯಿಂದ ನೋಡಿದಾಗ ಇಂದಿನ ಸಂಗ್ರಹಪದ್ಧತಿ ಪೂರ್ಣ ಪ್ರಶಂಸೆಗೆ ಅರ್ಹವಾಗುವುದಿಲ್ಲ. ಕಡತದಲ್ಲಿ ಒಟ್ಟಿಗಿದ್ದ ಸರಣಿಗಳು ಹರಾಜಿನಲ್ಲಿ ಬಿಡಿಬಿಡಿಯಾಗಿ ಚದುರುತ್ತವೆ. ಹೆಸರಾಂತ ಚಿತ್ರ ಮಾರಾಟವಾಗುತ್ತದೆ, ಅದರ ಹಿಂದುಮುಂದಿನ ಸಾಧಾರಣ ಚಿತ್ರ ಕಡೆಗಣನೆಗೆ ಒಳಗಾಗುತ್ತದೆ. ಅಂಚನ್ನು ಕತ್ತರಿಸಿದ ಪ್ರತಿ ತನ್ನ ಸಂಖ್ಯೆಯನ್ನೂ ಅದರೊಂದಿಗೆ ತನ್ನ ಪೂರ್ವೋತ್ತರವನ್ನೂ ಕಳೆದುಕೊಳ್ಳುತ್ತದೆ. ಅದೇ ವೇಳೆ, ಕಚೇರಿಗಳು ಹಳೆಯ ಕಡತಗಳನ್ನು ವಿಲೇವಾರಿ ಮಾಡುವಾಗ ಇಂಥ ಪ್ರತಿಗಳನ್ನು ಎತ್ತಿಟ್ಟು ಕಾಪಾಡುವವರು ಖಾಸಗಿ ಸಂಗ್ರಾಹಕರೇ ಎಂಬುದನ್ನೂ ಮರೆಯಲಾಗದು. ಪ್ರತಿಯ ಎರಡೂ ಬದಿಗಳ ನಕಲು, ಕೈದಾಟಿದ ವಿವರ, ಸರಣಿಯ ಕ್ರಮ ಇವಿಷ್ಟನ್ನು ದಾಖಲಿಸಿಟ್ಟ ಸಂಗ್ರಹ, ಅದು ಎಷ್ಟೇ ಚಿಕ್ಕದಾಗಿರಲಿ, ಗ್ರಂಥಾಲಯದ ಗೌರವಕ್ಕೆ ಯೋಗ್ಯ. ಇವಿಲ್ಲದ ಸಂಗ್ರಹ, ಅದೆಷ್ಟು ಬೆಲೆಬಾಳುವುದಾದರೂ, ಗೋಡೆಯ ಅಲಂಕಾರವಾಗಿಯೇ ಉಳಿಯುತ್ತದೆ.