ಜಾವಾದ ರೆಕಾರ್ಡ್: ಮೌಲ್ಯವೇ ಗುರುತಾಗುವ ಬಗೆ

ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಗಳಲ್ಲಿ ದತ್ತಾಂಶವನ್ನೂ ಅದರ ಮೇಲಿನ ಕ್ರಿಯೆಗಳನ್ನೂ ಒಂದೇ ಕ್ಲಾಸಿನಲ್ಲಿ ಕೂಡಿಸುವುದು ವಾಡಿಕೆಯಾದರೂ, ಕೆಲವು ಮೌಲ್ಯಗಳನ್ನು ಒಟ್ಟಿಗೆ ಹಿಡಿದಿಡುವುದಷ್ಟೇ ಕೆಲಸವಾಗಿರುವ ಕ್ಲಾಸುಗಳು ಎಲ್ಲ ಪ್ರೋಗ್ರಾಮುಗಳಲ್ಲೂ ಇರುತ್ತವೆ. ಅಕ್ಷಾಂಶ, ರೇಖಾಂಶಗಳೆಂಬ ಎರಡು ಸಂಖ್ಯೆಗಳಿಂದ ಭೂಮಿಯ ಮೇಲಿನ ಒಂದು ಸ್ಥಾನವನ್ನು ಸೂಚಿಸುವ ಕ್ಲಾಸು ಅಂಥದ್ದು.

ಇಷ್ಟು ಸರಳವಾದುದನ್ನೂ ಜಾವಾದಲ್ಲಿ ಸರಿಯಾಗಿ ಬರೆಯುವುದು ಬಹುಕಾಲ ಸುಲಭವಾಗಿರಲಿಲ್ಲ. ಎರಡು ಆಬ್ಜೆಕ್ಟುಗಳು ಸಮವೇ ಎಂದು ಹೇಳುವ ಈಕ್ವಲ್ಸ್ ಮೆಥಡ್, ಹ್ಯಾಶ್‌ಮ್ಯಾಪಿನಲ್ಲಿ ಆಬ್ಜೆಕ್ಟನ್ನು ಬೇಗ ಹುಡುಕಲು ನೆರವಾಗುವ ಸಂಖ್ಯೆಯನ್ನು ಕೊಡುವ ಹ್ಯಾಶ್‌ಕೋಡ್ ಮೆಥಡ್, ಇವೆರಡನ್ನೂ ಪ್ರೋಗ್ರಾಮರ್ ತಾನೇ ಬರೆಯಬೇಕಿತ್ತು. ಮುಂದೊಮ್ಮೆ ಎತ್ತರವೆಂಬ ಮೂರನೆಯ ಫೀಲ್ಡ್ ಸೇರಿಸಿ ಈಕ್ವಲ್ಸನ್ನು ತಿದ್ದಲು ಮರೆತರೆ, ಬೇರೆ ಬೇರೆ ಎತ್ತರದ ಸ್ಥಾನಗಳು ಒಂದೇ ಎನಿಸಿಕೊಳ್ಳುತ್ತಿದ್ದವು, ಕಂಪೈಲರ್ ಮಾತ್ರ ಅದನ್ನು ತಪ್ಪೆಂದು ತೋರಿಸುತ್ತಿರಲಿಲ್ಲ.

2020ರ ಮಾರ್ಚ್‌ನಲ್ಲಿ ಜಾವಾ 14ರೊಂದಿಗೆ ಪ್ರಾಯೋಗಿಕವಾಗಿ ಬಂದು, 2021ರ ಮಾರ್ಚ್‌ನಲ್ಲಿ ಜಾವಾ 16ರಲ್ಲಿ ನೆಲೆಗೊಂಡ ರೆಕಾರ್ಡ್ ಈ ಅಪಾಯವನ್ನು ಬೇರಿನಲ್ಲೇ ಕಳೆಯಿತು. ರೆಕಾರ್ಡಿನ ಹೆಸರನ್ನೂ ಘಟಕಗಳನ್ನೂ ಒಂದು ಸಾಲಿನಲ್ಲಿ ಘೋಷಿಸಿದರೆ, ಫೀಲ್ಡುಗಳು, ಕನ್‌ಸ್ಟ್ರಕ್ಟರ್, ಈಕ್ವಲ್ಸ್, ಹ್ಯಾಶ್‌ಕೋಡ್‌ಗಳೆಲ್ಲ ಆ ಘೋಷಣೆಯಿಂದಲೇ ಹುಟ್ಟುತ್ತವೆ. ಹಾಗಾಗಿ ಹೊಸ ಘಟಕ ಸೇರಿದೊಡನೆ ಸಮತೆಯ ಅರ್ಥವೂ ತಾನಾಗಿ ಬದಲಾಗುತ್ತದೆ. ಬರೆಯುವ ಸಾಲುಗಳು ಕಡಿಮೆಯಾದವೆಂಬುದು ಇದರ ಚಿಕ್ಕ ಲಾಭ; ಈ ದತ್ತಾಂಶದಲ್ಲಿ ಘೋಷಿಸಿದ್ದಕ್ಕಿಂತ ಹೆಚ್ಚಿನದೇನೂ ಅಡಗಿಲ್ಲವೆಂಬ ಭರವಸೆಯೇ ಅದರ ನಿಜವಾದ ಕೊಡುಗೆ. ಅಕ್ಷಾಂಶವು -90ರಿಂದ 90ರೊಳಗೇ ಇರಬೇಕೆಂಬ ನಿಯಮವನ್ನು ಸಂಕ್ಷಿಪ್ತ ಕನ್‌ಸ್ಟ್ರಕ್ಟರಿನಲ್ಲಿ, ಅಂದರೆ ಘಟಕಗಳ ಪಟ್ಟಿಯನ್ನು ಮತ್ತೆ ಬರೆಯದೆ ತಪಾಸಣೆಯನ್ನಷ್ಟೇ ಬರೆಯುವ ರೂಪದಲ್ಲಿ, ಇಟ್ಟರೆ ಅಸಿಂಧುವಾದ ಸ್ಥಾನ ಹುಟ್ಟುವುದೇ ಇಲ್ಲ.

ಆದರೂ ರೆಕಾರ್ಡಿನ ಅಚಲತೆ, ಅಂದರೆ ಒಮ್ಮೆ ಹುಟ್ಟಿದ ಮೇಲೆ ಬದಲಾಗದಿರುವ ಗುಣ, ಮೇಲ್ಪದರದ್ದು: ಫೀಲ್ಡಿಗೆ ಬೇರೊಂದು ಮೌಲ್ಯವನ್ನು ಕೊಡಲಾಗದಿದ್ದರೂ, ಆ ಫೀಲ್ಡ್ ಪಟ್ಟಿಯೊಂದನ್ನು ಸೂಚಿಸುತ್ತಿದ್ದರೆ ಅದರ ಒಳಗನ್ನು ಹೊರಗಿನವರು ಬದಲಿಸಬಹುದು. ಮಾರ್ಗವೊಂದರ ಸ್ಥಾನಗಳನ್ನು ಪಟ್ಟಿಯಾಗಿ ಹಿಡಿದಿಡುವ ರೆಕಾರ್ಡಿನಲ್ಲಿ, ಕನ್‌ಸ್ಟ್ರಕ್ಟರಿನೊಳಗೇ ಲಿಸ್ಟ್‌ನ ಕಾಪಿಆಫ್ ಮೆಥಡ್ ಬಳಸಿ, ಬದಲಿಸಲಾಗದ ಪ್ರತಿಯನ್ನು ಇಟ್ಟುಕೊಳ್ಳುವುದು ವಿವೇಕ.

ಬ್ಯಾಂಕ್ ಖಾತೆಯಂತೆ, ಒಳಗಿನ ಮೊತ್ತ ಬದಲಾದರೂ ತಾನು ಅದೇ ಆಗಿ ಉಳಿಯುವ ವಸ್ತುವಿಗೆ ಸಾಮಾನ್ಯ ಕ್ಲಾಸೇ ತಕ್ಕದ್ದು; ಒಳಗಿನ ಮೌಲ್ಯಗಳೇ ತನ್ನ ಗುರುತಾಗಿರುವ ಸ್ಥಾನ, ದಿನಾಂಕ, ಬೆಲೆಗಳಂಥವಕ್ಕೆ ರೆಕಾರ್ಡ್ ಒಪ್ಪುತ್ತದೆ. ಈ ವ್ಯತ್ಯಾಸವನ್ನು ವಿನ್ಯಾಸದ ಮೊದಲ ಹಂತದಲ್ಲೇ ನಿರ್ಧರಿಸುವವರ ಪ್ರೋಗ್ರಾಮನ್ನು ಮುಂದೆ ಓದುವವರು ಘೋಷಣೆಯ ಸಾಲನ್ನು ನೋಡಿಯೇ ನಂಬಬಹುದು.